ಹೆಣದ ಕೋಣೆಯ ಔಷಧಿ

"ಥೂ, ಬೋಳಿಮಗನೇ! ಅದೇನು ಕೈಯೋ, ಗಾಳಿಗೆ ಸಿಕ್ಕ ತಗಡೋ? ಹಿಡಿಯೋ ನೆಟ್ಟಗೆ!"

ದೊಡ್ಡ ಡಾಕ್ಟರು ಎಂದಿನಂತೆ ಬಾಗಿಲಲ್ಲೇ ನಿಂತಿದ್ದರು. ಒಂದು ಕಾಲು ಶವಾಗಾರದ ಒಳಗೆ, ಇನ್ನೊಂದು ಹೊರಗೆ, ಮೂಗಿಗೆ ಮಡಚಿದ ಕರವಸ್ತ್ರ. ಒಳಗೆ ಕಲ್ಲಿನ ಮೇಜಿನ ಮೇಲೆ ಬಸ್ ನಿಲ್ದಾಣದಲ್ಲಿ ಸತ್ತು ಸಿಕ್ಕಿದ್ದ ಯಾರೋ ಒಬ್ಬ ಮುದುಕ. ಪಕ್ಕದಲ್ಲಿ ಚಾಕು ಹಿಡಿದು ಬೆವರುತ್ತಿದ್ದ ಕಟ್ಟರ್. ಇಬ್ಬರಲ್ಲಿ ಯಾರ ಮುಖ ಹೆಚ್ಚು ಬಿಳಿಚಿಕೊಂಡಿದೆ ಎಂದು ಹೇಳುವುದು ಕಷ್ಟವಿತ್ತು.

ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಆದರೆ ಈ ಸರ್ಕಾರಿ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಕಟ್ಟರ್ ಎಂದೇ. ಡಾಕ್ಟರು ಬಾಗಿಲಲ್ಲಿ ನಿಂತು "ಎದೆ ತೆಗಿ" ಅನ್ನುವರು, ಇವನು ತೆಗೆಯುವನು. "ಹೊಟ್ಟೇಲಿ ಏನಿದೆ?" ಅನ್ನುವರು, ಇವನು ನೋಡಿ ಹೇಳುವನು. ಅವರು ಬರೆದುಕೊಂಡು ಸಹಿ ಹಾಕುವರು. ಕೊನೆಗೆ ಇವನು ಹೊಲಿದು, ತೊಳೆದು, ಬಟ್ಟೆ ಸುತ್ತಿ ಕೊಡುವನು. ಸ್ವಲ್ಪವೂ ಕೊಳೆಯಾಗದೆ ಮನೆಗೆ ಹೋಗುತ್ತಿದ್ದದ್ದು ಡಾಕ್ಟರ ಅಂಗಿ.

ಬುದ್ಧಿ ನೆಟ್ಟಗಿರುವವನು ಮಾಡುವ ಕೆಲಸವಲ್ಲ ಅದು. ಹಾಗಾಗಿಯೇ ಬುದ್ಧಿಯನ್ನು ಸ್ವಲ್ಪ ಹೊತ್ತು ಆಚೆ ಕಳಿಸುವ ಏರ್ಪಾಡೂ ಇತ್ತು. ಡಾಕ್ಟರ ಕೋಣೆಯ ಬೀರುವಿನಲ್ಲಿ ಹತ್ತಿಯ ಸುರುಳಿಗಳ ಹಿಂದೆ ಯಾವಾಗಲೂ ಒಂದು ಬಾಟಲಿ ಇರುತ್ತಿತ್ತು. ಹೆಣ ಬಂದ ಕೂಡಲೇ ಗುಮಾಸ್ತ ಅದನ್ನು ತಂದು ಶವಾಗಾರದ ಕಿಟಕಿಯಲ್ಲಿ ಇಡುವನು. ಆಸ್ಪತ್ರೆಯ ಭಾಷೆಯಲ್ಲಿ ಅದರ ಹೆಸರು ಔಷಧಿ. "ಕಟ್ಟರ್‌ಗೆ ಔಷಧಿ ಆಯ್ತಾ?" ಎಂದು ಕೇಳಿಯೇ ಡಾಕ್ಟರು ಕೋಣೆಯಿಂದ ಏಳುತ್ತಿದ್ದದ್ದು.

ಇಪ್ಪತ್ತು ದಿನದ ಹಿಂದೆ ಔಷಧಿ ಸ್ವಲ್ಪ ಹೆಚ್ಚಾಗಿ, ಕಟ್ಟರ್ ಹೆಣದ ಹೊಟ್ಟೆಯ ಜೊತೆಗೆ ತನ್ನ ಅಂಗಿಯ ತೋಳನ್ನೂ ಸೇರಿಸಿ ಹೊಲಿದುಬಿಟ್ಟಿದ್ದ. ಹೊಲಿದು ಮುಗಿಸಿ ಹೊರಟರೆ ಹಿಂದಿನಿಂದ ಯಾರೋ ಕೈ ಹಿಡಿದು ಎಳೆದರು. ತಿರುಗಿ ನೋಡಿದರೆ ಹೆಣ. ಅವನು ಕಿರುಚಿದ್ದಕ್ಕೆ ಹೊರಗೆ ಕಾಯುತ್ತಿದ್ದ ಸತ್ತವನ ತಾಯಿ ಒಳಗೆ ನುಗ್ಗಿದಳು. ಮಗನ ಮೈಗೆ ಅಂಟಿಕೊಂಡು ಎಳೆದಾಡುತ್ತಿದ್ದ ಕುಡುಕನನ್ನು ಕಂಡಳು. ಅವಳು ಬೈಯಲೂ ಇಲ್ಲ, ಹೊಡೆಯಲೂ ಇಲ್ಲ. ಮೇಜಿನ ಮೇಲಿದ್ದ ಕತ್ತರಿ ತೆಗೆದುಕೊಂಡು, ಮಗನಿಗೆ ನೋವಾದೀತೇನೋ ಎನ್ನುವ ಹಾಗೆ ಮೆಲ್ಲಗೆ ಆ ದಾರ ಕತ್ತರಿಸಿದಳು.

ಸಂಜೆ ಮನೆಯಲ್ಲಿ ಹರಿದ ತೋಳು ನೋಡಿ ಹೆಂಡತಿ ಕೇಳಿದಳು. ಮುಚ್ಚಿಡಲಾರದೆ ಹೇಳಿದ.

"ಪಾಪ," ಎಂದಳು ಅವಳು. ಹತ್ತಿರದ ಶಾಲೆಯಲ್ಲಿ ಕಸ ಗುಡಿಸುವವಳು, ಮಾತಿಗೆ ಎಂದೂ ಬಡತನವಿರಲಿಲ್ಲ. "ಅಂತೂ ನಿನ್ನ ಬಿಟ್ಟಿರಲಾರೆ ಅಂತ ಕೈ ಹಿಡ್ಕೊಳ್ಳೋರು ಒಬ್ಬರಾದ್ರೂ ಸಿಕ್ಕಿದ್ರಲ್ಲಯ್ಯ. ನನಗಂತೂ ಆ ಆಸೆ ಯಾವತ್ತೋ ಹೋಯ್ತು."

ಅವನು ನಗಲಿಲ್ಲ. ಅವಳೂ ಆಮೇಲೆ ನಗಲಿಲ್ಲ. ಆ ತಾಯಿಯ ಕತ್ತರಿ ಹಿಡಿದ ಕೈ ಅವನ ಕಣ್ಣಿಂದ ಹೋಗಲಿಲ್ಲ. ಕುಡಿದರೂ ಹೋಗಲಿಲ್ಲ. ಹಾಗಾದರೆ ಕುಡಿದೇನು ಉಪಯೋಗ ಎಂದು ಒಂದು ದಿನ ಬಿಟ್ಟ.

ಬಿಟ್ಟ ಎರಡನೇ ದಿನವೇ ಈಗ ಡಾಕ್ಟರ ಮುಂದೆ ಹೀಗೆ ನಡುಗುತ್ತ ನಿಂತಿದ್ದ.

"ಸಾರ್, ಬಿಟ್ಟಿದೀನಿ," ಎಂದ.

"ಏನು ಬಿಟ್ಟಿದೀಯ?"

"ಔಷಧಿ."

ಡಾಕ್ಟರು ಕರವಸ್ತ್ರದ ಹಿಂದೆಯೇ ನಕ್ಕರು. "ಲೇ, ನಿಮ್ಮಪ್ಪ ಬಿಟ್ಟಿದ್ನಾ? ನಿಮ್ಮಜ್ಜ ಬಿಟ್ಟಿದ್ನಾ? ನಿನ್ನೊಬ್ಬನಿಂದ ಕುಲ ಉದ್ಧಾರ ಆಗಬೇಕಾ? ಮಧ್ಯಾಹ್ನದೊಳಗೆ ರಿಪೋರ್ಟ್ ಹೋಗಬೇಕು. ಕುಡಿ, ಕೆಲಸ ಮುಗಿಸು, ಆಮೇಲೆ ಸಾಧು ಆಗು."

ಗುಮಾಸ್ತ ಬಾಟಲಿಯ ಮುಚ್ಚಳ ತೆಗೆದು ಕೈಗೇ ಕೊಟ್ಟ. ಕಟ್ಟರ್ ಕುಡಿದ. ಎರಡು ಗುಟುಕಿಗೆ ಕೈ ನಿಂತುಬಿಟ್ಟಿತು. ಅದೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾದದ್ದು. ಒಡೆಯನ ದನಿ ಕೇಳಿದ ನಾಯಿಯ ಹಾಗೆ ಕೈ ಸುಮ್ಮನಾಗಿತ್ತು.

*

ಶನಿವಾರ ಮಧ್ಯಾಹ್ನ ಮತ್ತೆ ಬಿಟ್ಟ. ಈ ಸಲ ಯಾರಿಗೂ ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ವಾಂತಿ, ಮಧ್ಯಾಹ್ನ ಬೆವರು. ಹೆಂಡತಿ ಕೊಟ್ಟ ಗಂಜಿಯಲ್ಲಿ ಅರ್ಧ ಎದೆಯ ಮೇಲೆ ಚೆಲ್ಲಿತು.

"ತಿನ್ನಿಸಲಾ? ನಾಳೆ ತೊಟ್ಟಿಲು ಕಟ್ಟೋಣ," ಎಂದಳು.

ಸೋಮವಾರ ಮಧ್ಯಾಹ್ನ ಗೋಡೆಯ ಮೇಲೆ ಇರುವೆ ಸಾಲು ಕಾಣಿಸಿತು. ಇರುವೆಗಳು ಗೋಡೆ ಇಳಿದು ಚಾಪೆಗೆ ಬಂದವು, ಚಾಪೆಯಿಂದ ಅವನ ಕಾಲಿಗೆ. "ಒರೆಸೇ, ಒರೆಸೇ!" ಎಂದು ಕೂಗಿದ. ಇಲ್ಲದ ಇರುವೆಗಳನ್ನು ಅವಳು ಸೆರಗಿನಿಂದ ಒರೆಸಿದಳು. ಒಂದು ಕಾಲು ಮುಗಿಸಿ ಇನ್ನೊಂದನ್ನೂ ಒರೆಸಿದಳು. ಆಮೇಲೆ ಬಾಗಿಲನ್ನು ಹಾಗೇ ತೆರೆದುಬಿಟ್ಟು ಹಿಂದಿನ ಸಾಲಿನ ಮನೆಗೆ ಓಡಿದಳು.

ಹಿಂದಿನ ಸಾಲಿನಲ್ಲಿದ್ದವನು ಆಂಬುಲೆನ್ಸ್ ಓಡಿಸುವ ಡ್ರೈವರಣ್ಣ. ದಪ್ಪ ಮೀಸೆ, ಅದಕ್ಕಿಂತ ದಪ್ಪ ಹೊಟ್ಟೆ. ಹನ್ನೊಂದು ವರ್ಷದ ಹಿಂದೆ ಅವನೂ ಮೋರಿಯಲ್ಲಿ ಮಲಗಿ ಎದ್ದವನೇ. ಬಂದವನು ಕಟ್ಟರ್‌ನ ಕಣ್ಣು ನೋಡಿದ, ಮಣಿಕಟ್ಟು ಹಿಡಿದು ನೋಡಿದ, ತಲೆಗೆ ಒಂದು ಮೊಟಕಿದ.

"ದಡ್ಡ ನನ್ಮಗನೇ, ಹತ್ತೊಂಬತ್ತು ವರ್ಷದ್ದು ಒಂದೇ ಏಟಿಗೆ ಬಿಡ್ತಾರೇನೋ? ಫಿಟ್ಸ್ ಬಂದು ಹೋಗಿಬಿಡ್ತೀಯ. ಇದಕ್ಕೆ ಮಾತ್ರೆ ಇದೆ, ಡಾಕ್ಟರಿದ್ದಾರೆ, ಲೆಕ್ಕ ಇದೆ. ಒಬ್ಬನೇ ಪೈಲ್ವಾನ್ ಆಗೋ ಜಾಗ ಅಲ್ಲ ಇದು. ಏಳು."

ಆಂಬುಲೆನ್ಸಿನಲ್ಲಿ ಮಲಗಿಸಿದಾಗ ಕಟ್ಟರ್ ಹಲ್ಲು ಕಟಕಟಿಸುತ್ತಲೇ ಕೇಳಿದ: "ಅಣ್ಣಾ, ಎಲ್ಲಿಗೆ?"

"ಇಷ್ಟು ವರ್ಷ ಇದರಲ್ಲಿ ಮಲಗಿಸಿ ತಂದವರನ್ನೆಲ್ಲ ನಿನ್ನ ಹತ್ರ ಇಳಿಸ್ತಿದ್ದೆ," ಎಂದ ಡ್ರೈವರಣ್ಣ, ಗೇರು ಹಾಕುತ್ತ. "ಇವತ್ತು ನೀನೇ ಇಲ್ಲಿದೀಯ. ಅಲ್ಲಿ ಯಾರೂ ಇಲ್ಲ. ಅದಕ್ಕೇ ಮೇಲಿನ ವಾರ್ಡಿಗೆ ಹೋಗೋಣ."

*

ವಾರ್ಡಿಗೆ ಸೇರಿಸಲು ದೊಡ್ಡ ಡಾಕ್ಟರ ಸಹಿ ಬೇಕಿತ್ತು. ಅವರ ಕೋಣೆಯ ಮುಂದೆ ನಲವತ್ತು ಜನರ ಸಾಲು. ಡ್ರೈವರಣ್ಣ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ ಹಿಡಿದುಕೊಂಡು ಕಟ್ಟರ್‌ನನ್ನು ಒಳಗೆ ನಿಲ್ಲಿಸಿದರು. ಬಾಗಿಲು ತೆರೆದೇ ಇತ್ತು. ಡಾಕ್ಟರು ಸಾಲಿಗೂ ಕೇಳಲಿ ಎನ್ನುವ ಹಾಗೆ ದನಿ ಎತ್ತಿದರು.

"ನೋಡ್ರಿ ಇವನನ್ನ. ಎಲ್ಲರೂ ನೋಡ್ರಿ. ಕುಡೀಬೇಡಿ ಅಂತ ಎಷ್ಟು ಬಡ್ಕೊಂಡ್ರೂ ಈ ಜನಕ್ಕೆ ತಲೆಗೆ ಹೋಗಲ್ಲ. ಹೇಳಿ ಪ್ರಯೋಜನ ಇಲ್ಲ. ಇದು ಇವರ ರಕ್ತದಲ್ಲೇ ಬಂದಿರೋದು."

ಕಟ್ಟರ್ ನೆಲ ನೋಡಿದ. ನೆಲದ ಮೇಲೂ ಇರುವೆ ಇತ್ತು.

"ಹೌದು ಸಾರ್," ಎಂದಳು ಹೆಂಡತಿ, ತುಂಬ ವಿನಯದಿಂದ. "ರಕ್ತದಲ್ಲಿ ಇರೋದು ನಿಜ. ರಕ್ತಕ್ಕೆ ಬಂದಿದ್ದು ಮಾತ್ರ ನಿಮ್ಮ ಬೀರುವಿಂದ. ಆ ಹತ್ತಿ ಸುರುಳಿ ಹಿಂದೆ ಇದೆಯಲ್ಲ, ಅಲ್ಲಿಂದ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮುಂದಿದ್ದ ಮುದುಕಿಯೊಬ್ಬಳು ಕತ್ತು ಚಾಚಿ ಬೀರು ಎಲ್ಲಿದೆ ಎಂದು ಹುಡುಕಿದಳು. ಡಾಕ್ಟರು ಬೇಗ ಬೇಗ ಸಹಿ ಗೀಚಿದರು.

"ವಾರ್ಡಲ್ಲಿ ಬೆಡ್ ಇಲ್ಲ. ವರಾಂಡದಲ್ಲಿ ಬಿದ್ಕೊಳ್ಳಲಿ. ಐದೇ ದಿನ. ಆಮೇಲೆ ಬಂದು ಔಷಧಿ ತಗೊಂಡು ಕೆಲಸ ಮಾಡಬೇಕು."

ಯಾವ ಔಷಧಿ ಎಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ವರಾಂಡದ ಮಂಚದಲ್ಲಿ ಕಟ್ಟರ್ ಐದು ದಿನ ಕಳೆದ. ವಾರ್ಡಿನ ಸಿಸ್ಟರ್ ಹೊತ್ತು ಹೊತ್ತಿಗೆ ಬಂದು ಮಾತ್ರೆ ನುಂಗಿಸಿ, ನಾಲಗೆ ಎತ್ತಿಸಿ ನೋಡುವಳು. ಮೊದಲ ದಿನ ನಾಲ್ಕು ಸಲ, ಆಮೇಲೆ ಮೂರು, ಆಮೇಲೆ ಎರಡು. ಇರುವೆಗಳು ಬಂದ ದಾರಿಯಲ್ಲೇ ಹಿಂದಕ್ಕೆ ಹೋದವು. ಕಷ್ಟವಾದದ್ದು ಪಕ್ಕದ ಮಂಚದವನಿಂದ. ಕಾಲು ಮುರಿದುಕೊಂಡಿದ್ದ ಆ ಮುದುಕನಿಗೆ ಪಕ್ಕದಲ್ಲಿರುವವನು ಯಾರೆಂದು ಎರಡನೇ ದಿನ ಗೊತ್ತಾಯಿತು.

"ಸಿಸ್ಟರಮ್ಮಾ! ಕಾಲು ಅಷ್ಟೇ ಮುರಿದಿದೆ ಅಂದ್ರಿ. ಇವನ್ಯಾಕೆ ಬಂದಿದಾನೆ? ಅಳತೆ ತಗೊಳ್ಳೋಕಾ?"

ಬೇರೆ ರೋಗಿಗಳೂ ಮಂಚ ದೂರ ಎಳೆದುಕೊಂಡರು. ಕ್ಯಾಂಟೀನಿನವನು ಚಹಾ ತಂದರೆ ಎಲ್ಲರಿಗೂ ಲೋಟ ಕೈಗೆ ಕೊಟ್ಟು, ಕಟ್ಟರ್‌ನ ಲೋಟ ಮಾತ್ರ ನೆಲದ ಮೇಲಿಟ್ಟು ಕಾಲಿನಿಂದ ಸರಿಸುವನು. ಹತ್ತೊಂಬತ್ತು ವರ್ಷದಿಂದ ಹಾಗೇ ಸರಿಸಿದ್ದನೇನೋ. ಕಟ್ಟರ್‌ಗೆ ಗೊತ್ತಾದದ್ದು ಈಗ.

ಬಿಡುವುದೆಂದರೆ ಇದೂ ಒಂದು ತಾಪತ್ರಯವಾಗಿತ್ತು. ಕುಡಿದಾಗ ಕಾಣದ್ದೆಲ್ಲ ಈಗ ಸಾಲಾಗಿ ಬಂದು ಎದುರಿಗೆ ನಿಲ್ಲುತ್ತಿತ್ತು.

*

ಆಂಬುಲೆನ್ಸ್ ಶೆಡ್ಡಿನ ಹಿಂದೆ ಹಳೇ ಟೈರು ತುಂಬಿದ ಒಂದು ಕೋಣೆ. ದಿನಾ ಸಂಜೆ ಐದಕ್ಕೆ ಅಲ್ಲಿ ಏಳೆಂಟು ಜನ ಸೇರುತ್ತಿದ್ದರು. ಎಲ್ಲರೂ ಬಿಟ್ಟವರು, ಇಲ್ಲವೇ ಬಿಡುತ್ತಿರುವವರು. ಕೂರಲು ಟೈರು, ಕುಡಿಯಲು ಚಹಾ. ವಾರ್ಡಿನಿಂದ ಹೊರಬಂದ ದಿನವೇ ಡ್ರೈವರಣ್ಣ ಕಟ್ಟರ್‌ನನ್ನು ಅಲ್ಲಿಗೆ ಎಳೆದುಕೊಂಡು ಹೋದ.

"ಇವನು ಒಂದು ವಾರದ ಕೂಸು," ಎಂದು ಪರಿಚಯ ಮಾಡಿಸಿದ. "ಕತ್ತು ನಿಂತಿಲ್ಲ ಇನ್ನೂ. ಮೆಲ್ಲಗೆ ಎತ್ತಿಕೊಳ್ಳಿ."

ಅಲ್ಲಿ ಒಬ್ಬ ಹೆಂಗಸೂ ಇದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿ ಅಕ್ಕ. ಕಟ್ಟರ್ ಬಾಯಿ ಬಿಟ್ಟುಕೊಂಡು ನೋಡಿದ.

"ಯಾಕಪ್ಪ, ಗಂಡಸರಿಗಷ್ಟೇ ಗಂಟಲು ಇರೋದು ಅಂದ್ಕೊಂಡಿದ್ಯಾ?" ಎಂದಳು ಅವಳು. "ಹೆರಿಗೆ ವಾರ್ಡಿನ ಹಾಸು ಒಗೀತಿದ್ದೆ. ರಕ್ತದ ವಾಸನೆ ಮೂಗಿಂದ ಹೋಗಲಿ ಅಂತ ಮೇಸ್ತ್ರಿ ಒಂದು ಪಾಕೀಟು ಕೊಟ್ಟ. ಆಮೇಲೆ ದಿನಾ ಕೊಟ್ಟ. ಕೈಗವಸು ಕೇಳಿದ್ರೆ ಮಾತ್ರ ಸ್ಟಾಕಿಲ್ಲ ಅಂತಿದ್ದ. ಬಿಟ್ಟು ಏಳು ವರ್ಷ ಆಯ್ತು. ಕೈಗವಸು ಈಗಲೂ ಬಂದಿಲ್ಲ, ಜಗಳ ಆಡ್ತಾ ಇದೀನಿ."

ಕಟ್ಟರ್ ತಾನಾಗಿ ಮಾತಾಡಿದ್ದು ಮೂರನೇ ಸಂಜೆ. ಅಂಗಿಯ ತೋಳಿನ ಕತೆ ಹೇಳಿದ. ಟೈರಿನ ಮೇಲಿದ್ದವರು ಮೊದಲು ಹೊಟ್ಟೆ ಹಿಡಿದು ನಕ್ಕರು. ಆ ತಾಯಿ ಕತ್ತರಿ ತೆಗೆದುಕೊಂಡಲ್ಲಿಗೆ ಬಂದಾಗ ನಗು ನಿಂತಿತು.

"ಬಿಡೋದೇನೋ ಬಿಟ್ಟೆ," ಎಂದ ಕೊನೆಗೆ. "ಆದ್ರೆ ಕುಡೀದೆ ಕೊಯ್ಯೋಕೆ ನನ್ ಕೈಲಾಗಲ್ಲಕ್ಕ. ನಾಳೆ ಹೆಣ ಬಂದ್ರೆ ಮತ್ತೆ ಬಾಟಲಿಗೆ ಹೋಗ್ತೀನಿ. ಗೊತ್ತು ನಂಗೆ."

"ಕೊಯ್ಯೋದು ನಿನ್ ಕೆಲಸ ಅಂದೋರು ಯಾರು?" ಎಂದಳು ಲಾಂಡ್ರಿ ಅಕ್ಕ.

ಅವನ ಹೆಸರೇ ಕಟ್ಟರ್ ಆಗಿರುವಾಗ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮರುದಿನ ಹೆಂಡತಿ ಟ್ರಂಕಿನ ತಳದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಕೆಲಸದ ಆರ್ಡರು ತೆಗೆದುಕೊಟ್ಟಳು. ಅದರ ಮಡಿಕೆಗಳೆಲ್ಲ ಹರಿದಿದ್ದವು. ಡ್ರೈವರಣ್ಣ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ: "ಶವಾಗಾರದ ನೆಲ ಮತ್ತು ಮೇಜುಗಳನ್ನು ತೊಳೆಯುವುದು. ಶವಗಳನ್ನು ಎತ್ತಿ ಇಡುವುದು. ಪರೀಕ್ಷೆಯ ನಂತರ ಶವವನ್ನು ಹೊಲಿದು, ಶುಚಿಗೊಳಿಸಿ ವಾರಸುದಾರರಿಗೆ ಒಪ್ಪಿಸುವುದು." ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದ. "ಮುಗೀತು. ಕೊಯ್ಯೋದು ಅಂತ ಎಲ್ಲೂ ಇಲ್ಲ."

"ಹಾಗಾದ್ರೆ ಇಷ್ಟು ವರ್ಷ?" ಎಂದ ಕಟ್ಟರ್.

"ಇಷ್ಟು ವರ್ಷ ಪುಕ್ಕಟೆ ಡಾಕ್ಟರಾಗಿದ್ದೆ," ಎಂದಳು ಹೆಂಡತಿ. "ನನಗೂ ಹೇಳ್ಲಿಲ್ಲವಲ್ಲಯ್ಯ, ಡಾಕ್ಟರ ಹೆಂಡ್ತಿ ಅಂತ ಸ್ವಲ್ಪ ಮೆರೀತಿದ್ದೆ."

*

ಹೆಣ ಬಂದದ್ದು ಕುಡಿತ ಬಿಟ್ಟ ಹನ್ನೊಂದನೇ ದಿನ ಬೆಳಿಗ್ಗೆ. ಕಟ್ಟಡದ ಸಾರವೆಯಿಂದ ಬಿದ್ದ ಗಾರೆ ಕೆಲಸದವನು. ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಅವನ ಹೆಂಡತಿ, ಅಣ್ಣ ಮತ್ತು ಜೊತೆಯ ಕೂಲಿಗಳು ಕೂತಿದ್ದರು.

ಕಟ್ಟರ್ ಹೊದಿಕೆ ಸರಿಸಿದ. ಮೊದಲು ವಾಸನೆ ಹೊಡೆಯಿತು. ಇದೇ ಕೋಣೆಯಲ್ಲಿ ಇಷ್ಟು ವರ್ಷ ಈ ವಾಸನೆಯೂ ಇತ್ತೇ ಎಂದು ಅವನಿಗೆ ಆಶ್ಚರ್ಯವಾಯಿತು. ಆಮೇಲೆ ಮುಖ ನೋಡಿದ. ಹೆಣದ ಮುಖ ನೋಡುವ ಅಭ್ಯಾಸ ಅವನಿಗಿರಲಿಲ್ಲ. ಗಡ್ಡದಲ್ಲಿ ಸಿಮೆಂಟಿನ ಪುಡಿ, ಒಂದು ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಅರ್ಧ ಸೇದಿದ ಬೀಡಿ. ಅಷ್ಟು ಎತ್ತರದಿಂದ ಬಿದ್ದರೂ ಬೀಡಿ ಬಿದ್ದಿರಲಿಲ್ಲ. "ಆಮೇಲೆ ಸೇದೋಣ ಅಂತ ಇಟ್ಕೊಂಡಿದ್ಯಾ?" ಎಂದು ಕಟ್ಟರ್ ಮೆಲ್ಲಗೆ ಕೇಳಿದ. ಅದನ್ನು ತೆಗೆದು ಒಂದು ಕಾಗದದಲ್ಲಿ ಕಟ್ಟಿಟ್ಟ.

ಗುಮಾಸ್ತ ಬಂದು ಬಾಟಲಿಯನ್ನು ಕಿಟಕಿಯಲ್ಲಿಟ್ಟು ಹೋದ. ಅವನ ಹಿಂದೆಯೇ ಡಾಕ್ಟರು ಬಂದು ಬಾಗಿಲಲ್ಲಿ ನಿಂತರು.

"ಔಷಧಿ ಆಯ್ತೇನೋ? ಶುರು ಮಾಡು."

ಕಟ್ಟರ್ ಬಾಟಲಿಯನ್ನು ಕೈಗೆತ್ತಿಕೊಂಡ. ಮುಚ್ಚಳ ತಿರುಗಿಸಿದ. ವಾಸನೆ ಬಂದದ್ದೇ ಬಾಯೆಲ್ಲ ನೀರಾಯಿತು, ನಾಲಗೆ ಹಲ್ಲಿನ ಹಿಂದೆ ಎದ್ದು ನಿಂತಿತು. ಎರಡೇ ಗುಟುಕು. ಎರಡು ಗುಟುಕಿಗೆ ಈ ಕೋಣೆ, ಈ ಮುಖ, ಈ ವಾಸನೆ ಎಲ್ಲ ಆಚೆ ಹೋಗುತ್ತದೆ. ಆಮೇಲೆ ಬಗ್ಗಿ, ನೆಲದ ಮೂಲೆಯಲ್ಲಿದ್ದ ತೂತಿಗೆ ಬಾಟಲಿಯನ್ನು ಬೋರಲು ಹಾಕಿದ. ಗುಳುಗುಳು ಸದ್ದು ನಿಲ್ಲುವವರೆಗೂ ಕಣ್ಣು ಮುಚ್ಚಿಕೊಂಡೇ ಇದ್ದ.

"ಏನೋ ಮಾಡ್ತಿದೀಯ, ಹಲ್ಕಟ್ ನನ್ಮಗನೇ!"

"ನೆಲ ತೊಳೀತಿದೀನಿ ಸಾರ್. ನನ್ನ ಆರ್ಡರಲ್ಲಿ ಮೊದಲನೇ ಕೆಲಸ ಅದೇ."

ಡಾಕ್ಟರ ಕರವಸ್ತ್ರ ಮೂಗಿನಿಂದ ಜಾರಿತು. "ಚಾಕು ತಗೋ!"

ಕಟ್ಟರ್ ಚಾಕು ತೆಗೆದುಕೊಂಡ. ಅದನ್ನು ಬಟ್ಟೆಯಿಂದ ಒರೆಸಿ, ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ಕೈಗವಸು ಜೋಡಿಸಿದ. ಆಮೇಲೆ ಡಾಕ್ಟರ ಪಕ್ಕದಿಂದ ತೂರಿಕೊಂಡು ಬಾಗಿಲಿಗೆ ಬಂದು, ಕಟ್ಟೆಯ ಕಡೆಗೆ ಗಟ್ಟಿಯಾಗಿ ಹೇಳಿದ:

"ಅಮ್ಮಾ, ಧೈರ್ಯವಾಗಿರಿ. ಇವತ್ತು ದೊಡ್ಡ ಡಾಕ್ಟರೇ ಸ್ವಂತ ಕೈಯಿಂದ ನೋಡ್ತಾರಂತೆ. ನಮ್ಮಂಥೋರ ಕೈಗೆ ಕೊಡಲ್ಲವಂತೆ."

ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತರು. ಗಾರೆಯವನ ಹೆಂಡತಿ ಅಳು ನುಂಗಿಕೊಂಡು ಎರಡು ಹೆಜ್ಜೆ ಮುಂದೆ ಬಂದಳು. "ಹೌದಾ ಸಾರ್? ನೀವೇ ನೋಡ್ತೀರಾ? ಹೇಗೆ ಬಿದ್ರು ಅಂತ ಸರಿಯಾಗಿ ಬರೀರಿ ಸಾರ್. ಕುಡಿದು ಬಿದ್ದ ಅಂತ ಕಂಟ್ರಾಕ್ಟರು ಹೇಳ್ತಿದಾರೆ. ಅವರು ಕುಡೀತಿರಲಿಲ್ಲ."

ಹತ್ತು ಹದಿನೈದು ಜನ ಡಾಕ್ಟರನ್ನೇ ನೋಡುತ್ತಿದ್ದರು. ಅವರು ಹೊರಗಿದ್ದ ಕಾಲನ್ನೂ ಒಳಗೆ ತಂದುಕೊಂಡರು.

ಆಮೇಲಿನದು ಚೆನ್ನಾಗಿರಲಿಲ್ಲ. ಡಾಕ್ಟರು ಎಡಗೈಯ ಗವಸನ್ನು ಬಲಗೈಗೆ ಹಾಕಿಕೊಂಡರು. ಕಟ್ಟರ್ ತೆಗೆದು ಸರಿಯಾಗಿ ಹಾಕಿದ. "ಬಾಯಲ್ಲಿ ಉಸಿರು ತಗೊಳ್ಳಿ ಸಾರ್," ಎಂದ. "ಮೊದಲ ಹತ್ತು ವರ್ಷ ಸ್ವಲ್ಪ ಕಷ್ಟ, ಆಮೇಲೆ ಅಭ್ಯಾಸ ಆಗುತ್ತೆ." ಒಮ್ಮೆ ಡಾಕ್ಟರು ಓಡಿಹೋಗಿ ಮೂಲೆಯ ತೊಟ್ಟಿಗೆ ವಾಂತಿ ಮಾಡಿ ಬಂದರು. ಕಟ್ಟರ್ ನೀರು ಹಿಡಿದು ನಿಂತಿದ್ದ. ಹೊಟ್ಟೆ ತೆರೆದಾಗ ಇಬ್ಬರೂ ಬಗ್ಗಿದರು. ಹೆಂಡದ ವಾಸನೆ ಇರಲಿಲ್ಲ. ಆ ವಾಸನೆಯ ವಿಷಯದಲ್ಲಿ ಕಟ್ಟರ್‌ನ ಮೂಗಿಗಿಂತ ದೊಡ್ಡ ಪರೀಕ್ಷೆ ಆ ಊರಿನಲ್ಲಿ ಇರಲಿಲ್ಲ.

"ಇಲ್ಲ ಅಂತ ಬರೀರಿ ಸಾರ್," ಎಂದ. "ಹೊರಗೆ ಅವರ ಹೆಂಡ್ತಿ ಕಾಯ್ತಿದಾರೆ."

ಡಾಕ್ಟರು ಬರೆದರು.

ಹೊಲಿಗೆ ಅವನ ಪಾಲಿನ ಕೆಲಸ. ತೋಳು ಮೇಲಕ್ಕೆ ಮಡಚಿಕೊಂಡು ಕೂತ. ಕೈ ಇನ್ನೂ ಸಣ್ಣಗೆ ನಡುಗುತ್ತಿತ್ತು. ದೊಡ್ಡ ದೊಡ್ಡ ಹೊಲಿಗೆ ಹಾಕಿದರೆ ಗೋಣಿಚೀಲದ ಹಾಗಾಗುತ್ತದೆ ಎಂದು ಸಣ್ಣ ಸಣ್ಣದಾಗಿ ಹಾಕಿದ. "ಸಂಜೆವರೆಗೂ ಕೂತಿರ್ತೀಯೇನೋ?" ಎಂದು ಡಾಕ್ಟರು ಹೊರಗಿನಿಂದ ಕಿರುಚಿದರು. ಅವನು ಗಡ್ಡದ ಸಿಮೆಂಟು ತೊಳೆದು, ತಲೆ ಬಾಚಿ, ಬಟ್ಟೆ ಸುತ್ತಿ ಕೊಟ್ಟ. ಬೀಡಿಯ ಪೊಟ್ಟಣವನ್ನು ಅಣ್ಣನ ಕೈಗೆ ಇಟ್ಟ.

*

ನಾಲ್ಕೂವರೆಗೆ ಆಫೀಸಿನಿಂದ ಕರೆ ಬಂತು. ಡಾಕ್ಟರು ಎರಡು ಸಲ ಸೋಪು ಹಚ್ಚಿ ಕೈ ತೊಳೆದುಕೊಂಡು ಕುರ್ಚಿಯಲ್ಲಿ ಕೂತಿದ್ದರು. ಗುಮಾಸ್ತನ ಮುಂದೆ ಬಿಳಿ ಹಾಳೆ.

"ಬರಿ," ಎಂದರು ಡಾಕ್ಟರು. "ಕೆಲಸದಿಂದ ಅಮಾನತು."

ಗುಮಾಸ್ತ ವರ್ಷಗಟ್ಟಲೆ ಮೆಮೋ ಬರೆದು ಪಳಗಿದವನು. ಕೇಳದೆಯೇ ಅವನ ಪೆನ್ನು, ಜೊತೆಗೆ ಬಾಯಿಯೂ, ಓಡಿತು: "ಸದರಿ ನೌಕರನು ಕರ್ತವ್ಯದ ವೇಳೆಯಲ್ಲಿ ಕುಡಿದು..." ಅಲ್ಲಿಗೆ ನಿಂತಿತು. ತಲೆ ಎತ್ತಿದ. "ಕಾರಣ ಏನಂತ ಹಾಕ್ಲಿ ಸಾರ್?"

"ಹೇಳಿದ ಕೆಲಸ ಮಾಡಲಿಲ್ಲ ಅಂತ."

"ಯಾವ ಕೆಲಸ ಅಂತ ಕೇಳ್ತಾರೆ ಸಾರ್ ಮೇಲಿನವರು."

ಡಾಕ್ಟರು ಮೇಜಿನ ಮೇಲಿದ್ದ ಪೇಪರ್‌ವೇಟನ್ನು ತಿರುಗಿಸಿದರು. ಅದು ಬಹಳ ಹೊತ್ತು ತಿರುಗಿ ನಿಂತಿತು. ಮತ್ತೆ ತಿರುಗಿಸಿದರು.

ಕಟ್ಟರ್‌ಗೆ ಗೊತ್ತಿತ್ತು, ಇವತ್ತಲ್ಲ ನಾಳೆ ಇವರಿಗೆ ಒಂದು ಕಾರಣ ಸಿಕ್ಕೇ ಸಿಗುತ್ತದೆ. ಓದಿದವರು, ಹುಡುಕಿಕೊಳ್ಳುತ್ತಾರೆ. ಕೆಲಸ ಹೋದರೆ ಏನು ಮಾಡುವುದೆಂದು ಅವನಿಗಿನ್ನೂ ಗೊತ್ತಿರಲಿಲ್ಲ. ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಗೋಡೆಯ ಗಡಿಯಾರ ನೋಡಿದ.

"ಅರ್ಧ ಬರೆದಿದ್ದೀರಲ್ಲ ಸಾರ್, ಹಾಳೆ ಯಾಕೆ ಕೆಡಿಸ್ತೀರಿ," ಎಂದ ಗುಮಾಸ್ತನಿಗೆ. "ಕುಡಿದು ಅನ್ನೋದನ್ನ ಹೊಡೆದು, ಕುಡೀದೆ ಅಂತ ಮಾಡ್ಕೊಳ್ಳಿ. ಕರ್ತವ್ಯದ ವೇಳೆಯಲ್ಲಿ ಕುಡೀದೆ ಬಂದ. ಅಷ್ಟೇ. ಸಹಿ ಎಲ್ಲಿ ಅಂತ ಹೇಳಿದ್ರೆ ನಾಳೆ ಬಂದು ಹಾಕ್ತೀನಿ. ಈಗ ನಂಗೆ ಹೊತ್ತಾಯ್ತು, ಐದು ಗಂಟೆಗೆ ಜನ ಕಾಯ್ತಿರ್ತಾರೆ."

"ನಿಲ್ಲೋ ಅಲ್ಲೇ! ನಾನು ಹೋಗು ಅಂದ್ನಾ?"

ಅವನು ಆಗಲೇ ಮೆಟ್ಟಿಲಿಳಿಯುತ್ತಿದ್ದ.